ಪಕ್ಕೆಲುಬು ಮುರಿಯದಿದ್ದರೂ ಹೃದಯದ ಕವಾಟ ಹರಿಯಬಹುದು

ಎದೆಗೆ ಪೆಟ್ಟು ಬಿದ್ದವರನ್ನು ಆಸ್ಪತ್ರೆಗೆ ಕರೆದೊಯ್ದಾಗ ನಮ್ಮ ಹಾವೇರಿ ಕಡೆಯ ಜನ ಕೇಳುವ ಮೊದಲ ಪ್ರಶ್ನೆ ಒಂದೇ: "ಎಲುಬು ಮುರದಾವೇನ್ರಿ?" ಎಕ್ಸ್‌ರೇಯಲ್ಲಿ ಪಕ್ಕೆಲುಬುಗಳು ನೆಟ್ಟಗಿವೆ ಎಂದು ತಿಳಿದರೆ ಅಲ್ಲಿಗೆ ಮಾತು ಮುಗಿಯುತ್ತದೆ; ನೋವಿನ ಗುಳಿಗೆ, ಹಚ್ಚಿಕೊಳ್ಳಲು ಮುಲಾಮು, ಮನೆಗೆ ಬಂದ ಮೇಲೆ ಅರಿಶಿಣ ಹಾಕಿದ ಹಾಲು. ಬಹುಪಾಲು ಜನರಿಗೆ ಅಷ್ಟೇ ಸಾಕು ಎಂಬುದೂ ನಿಜ. ಆದರೆ ದೇಹದ ಭಾಗಗಳನ್ನು ಒಂದಕ್ಕೊಂದು ಹಿಡಿದಿಡುವ ಸಂಯೋಜಕ ಅಂಗಾಂಶವು ಹುಟ್ಟಿನಿಂದಲೇ ದುರ್ಬಲವಾಗಿರುವ ಕೆಲವರು ನಮ್ಮ ನಡುವೆ ಇದ್ದಾರೆ, ಮತ್ತು ಅಂಥವರಲ್ಲಿ ಒಂದೂ ಎಲುಬು ಮುರಿಯದೆ, ಚರ್ಮದ ಮೇಲೆ ಒಂದು ಕಂದುಗಲೆಯನ್ನು ಬಿಟ್ಟರೆ ಬೇರೇನೂ ಕಾಣಿಸದೆ, ಹೃದಯದೊಳಗಿನ ಕವಾಟವೇ ಹರಿದಿರುವ ಸಾಧ್ಯತೆ ಇರುತ್ತದೆ. ನಾನು ವೈದ್ಯನಲ್ಲ, ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ. ನನ್ನ ಕೈಯಲ್ಲಿ ಕಬಡ್ಡಿ ಆಡಿ ಬೆಳೆದ ಹುಡುಗನೊಬ್ಬನಿಗೆ ಹೀಗಾದ ಮೇಲೆ ಹುಬ್ಬಳ್ಳಿಯ ಹೃದಯ ತಜ್ಞರ ಬಳಿ ಕುಳಿತು ಕೇಳಿ, ಓದಿ ತಿಳಿದುಕೊಂಡದ್ದನ್ನು ಅವನ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ಹೃದಯದ ಕೆಳಗಿನ ಕೋಣೆಯಾದ ಎಡ ಹೃತ್ಕುಕ್ಷಿಯಿಂದ ರಕ್ತವು ದೇಹದ ಮುಖ್ಯ ರಕ್ತನಾಳವಾದ ಮಹಾಪಧಮನಿಗೆ ಚಿಮ್ಮುವ ಬಾಗಿಲಲ್ಲಿರುವ ಮೂರು ದಳಗಳ ಕವಾಟ ಅಯೋರ್ಟಿಕ್ ಕವಾಟ. ಮೇಲಿನ ಕೋಣೆಯಾದ ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಯ ನಡುವಿನ ಎರಡು ದಳಗಳದು ಮೈಟ್ರಲ್. ಬಲಭಾಗದಲ್ಲಿ ಟ್ರೈಕಸ್ಪಿಡ್ ಮತ್ತು ಪಲ್ಮನರಿ ಕವಾಟಗಳಿವೆ. ಮೊಂಡು ಪೆಟ್ಟು, ಅಂದರೆ ಚರ್ಮ ಸೀಳದೆ ಒಳಗೆ ಒತ್ತುವ ಪೆಟ್ಟು, ಇವುಗಳಲ್ಲಿ ಯಾವುದಕ್ಕೆ ತಗಲುತ್ತದೆ ಎಂಬುದು ಬಹುಮಟ್ಟಿಗೆ ಆ ಕ್ಷಣದಲ್ಲಿ ಹೃದಯ ಯಾವ ಹಂತದಲ್ಲಿತ್ತು ಎಂಬುದನ್ನು ಅವಲಂಬಿಸಿರುತ್ತದೆ. ಹೃದಯ ಸಡಿಲಗೊಂಡು ತುಂಬಿಕೊಳ್ಳಲು ಆರಂಭಿಸಿದ ಕ್ಷಣದಲ್ಲಿ ಅಯೋರ್ಟಿಕ್ ಕವಾಟ ಮುಚ್ಚಿರುತ್ತದೆ. ಅದರ ಮೇಲೆ ಮಹಾಪಧಮನಿಯ ರಕ್ತದ ಒತ್ತಡ, ಕೆಳಗೆ ಬಹುತೇಕ ಖಾಲಿಯಾದ ಹೃತ್ಕುಕ್ಷಿ. ಆ ಹೊತ್ತಿಗೇ ಎದೆ ಒತ್ತಿಹೋದರೆ ಮಹಾಪಧಮನಿಯೊಳಗಿನ ಒತ್ತಡ ಒಮ್ಮೆಲೇ ಏರಿ, ಮುಚ್ಚಿದ ದಳಗಳ ಮೇಲೆ ಅಪ್ಪಳಿಸುತ್ತದೆ. ದಳವೊಂದು ನಡುವೆ ಸೀಳಬಹುದು, ಇಲ್ಲವೇ ಗೋಡೆಗೆ ಅಂಟಿಕೊಂಡ ಜಾಗದಿಂದಲೇ ಕಿತ್ತುಬರಬಹುದು. ಹೃತ್ಕುಕ್ಷಿ ಪೂರ್ತಿ ತುಂಬಿ ಇನ್ನೇನು ಸಂಕುಚಿಸಬೇಕು ಎನ್ನುವಾಗ ಪೆಟ್ಟು ಬಿದ್ದರೆ ತೊಂದರೆ ಮೈಟ್ರಲ್ ಕವಾಟಕ್ಕೆ. ಅದರ ದಳಗಳನ್ನು ಒಳಗಿನ ಸ್ನಾಯುಗಳಿಗೆ ಕಟ್ಟಿಹಾಕಿರುವ ತೆಳುವಾದ ತಂತುಗಳು, ಜಾತ್ರೆಯ ಡೇರೆಯನ್ನು ಗೂಟಕ್ಕೆ ಬಿಗಿದ ಹಗ್ಗಗಳು ಗಾಳಿಗೆ ಹರಿಯುವಂತೆ, ಹರಿದುಹೋಗುತ್ತವೆ, ಮತ್ತು ದಳ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಬಲ ಹೃತ್ಕುಕ್ಷಿ ಎದೆಯ ನಡುವಿನ ಚಪ್ಪಟೆ ಎಲುಬಿನ ಬೆನ್ನಿಗೇ ಇರುವುದರಿಂದ ಟ್ರೈಕಸ್ಪಿಡ್ ಕವಾಟಕ್ಕೂ ಅಪಾಯವಿದೆ. ಆದರೆ ಅಲ್ಲಿಯ ಒತ್ತಡ ಕಡಿಮೆಯಾದ್ದರಿಂದ ದೇಹ ಅದನ್ನು ಬಹಳ ಕಾಲ ತಾಳಿಕೊಳ್ಳುತ್ತದೆ, ವರ್ಷಗಟ್ಟಲೆ ಗೊತ್ತಾಗದೆಯೂ ಇರಬಹುದು. ಬದುಕುಳಿದವರಲ್ಲಿ ಹೆಚ್ಚಾಗಿ ಕಂಡುಬಂದಿರುವುದು ಅಯೋರ್ಟಿಕ್ ಕವಾಟದ ಗಾಯ.

ಆರೋಗ್ಯವಂತ ಕವಾಟ ಹರಿಯಬೇಕಾದರೆ ಪೆಟ್ಟು ಬಹಳ ಜೋರಾಗಿರಬೇಕು. ರಸ್ತೆ ಅಪಘಾತದಲ್ಲಿ ಸ್ಟಿಯರಿಂಗ್ ಎದೆಗೆ ಅಪ್ಪಳಿಸುವುದು, ಎತ್ತರದಿಂದ ಬೀಳುವುದು, ಕುದುರೆ ಅಥವಾ ದನ ಒದೆಯುವುದು, ಇಂಥವು. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ಎಳೆಯರ ಎದೆಗೂಡು ಬಾಗುತ್ತದೆ. ವಯಸ್ಸಾದವರ ಪಕ್ಕೆಲುಬು ಲಟಕ್ಕನೆ ಮುರಿದು ಪೆಟ್ಟಿನ ಬಲವನ್ನು ಒಂದಿಷ್ಟು ತಾನೇ ನುಂಗಿಕೊಂಡರೆ, ಹದಿನೆಂಟು ಇಪ್ಪತ್ತರ ಹುಡುಗನ ಪಕ್ಕೆಲುಬು ಬಾಗಿ ಮತ್ತೆ ಮೊದಲಿನಂತಾಗುತ್ತದೆ, ಬಲವೆಲ್ಲ ಒಳಗಿನ ಅಂಗಗಳಿಗೆ ದಾಟುತ್ತದೆ. ಆದ್ದರಿಂದ "ಎಲುಬು ಗಟ್ಟಿ ಅದಾವು" ಎಂಬ ಮಾತು ಹುಡುಗರ ವಿಷಯದಲ್ಲಿ ಹೃದಯದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಈಗ ದುರ್ಬಲ ಅಂಗಾಂಶದ ವಿಷಯಕ್ಕೆ ಬರುತ್ತೇನೆ. ಈ ಗುಂಪಿನ ಕಾಯಿಲೆಗಳಲ್ಲಿ ಹೆಚ್ಚು ಪರಿಚಿತವಾದದ್ದು ಮಾರ್ಫಾನ್ ಸಿಂಡ್ರೋಮ್. ಫ್ರಾನ್ಸಿನ ಮಕ್ಕಳ ವೈದ್ಯ ಆಂಟೊಯಿನ್ ಮಾರ್ಫಾನ್ ಅವರು 1896ರಲ್ಲಿ ಐದು ವರ್ಷದ ಬಾಲಕಿಯೊಬ್ಬಳ ಅಸಾಧಾರಣ ಉದ್ದದ, ಸಣಕಲು ಕೈಕಾಲು ಬೆರಳುಗಳನ್ನು ಕಂಡು ಅದನ್ನು ವರ್ಣಿಸಿದರು. ಅದಕ್ಕೆ ಕಾರಣವಾದ ವಂಶವಾಹಿ 15ನೇ ವರ್ಣತಂತುವಿನಲ್ಲಿದೆ ಎಂದು ಗೊತ್ತಾಗಿ, ಅದರ ದೋಷ ಪತ್ತೆಯಾದದ್ದು 1991ರಲ್ಲಿ. ಆ ವಂಶವಾಹಿ ಫೈಬ್ರಿಲಿನ್ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ರಕ್ತನಾಳದ ಗೋಡೆ ಹಿಗ್ಗಿ ಮತ್ತೆ ಕುಗ್ಗಲು ಬೇಕಾದ ಎಲಾಸ್ಟಿನ್ ನಾರುಗಳು ಕಟ್ಟಿಕೊಳ್ಳುವುದೇ ಈ ಫೈಬ್ರಿಲಿನ್ನಿನ ಆಸರೆಯಲ್ಲಿ. ಅದು ಸರಿಯಿಲ್ಲದಿದ್ದಾಗ ಮಹಾಪಧಮನಿಯ ಬುಡ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗುತ್ತದೆ, ಅಲ್ಲಿರುವ ಕವಾಟದ ದಳಗಳು ಎಳೆದು ಎಳೆದು ತೆಳುವಾಗುತ್ತವೆ, ಮೈಟ್ರಲ್ ದಳಗಳು ಜೋತುಬಿದ್ದು ಅವುಗಳ ತಂತುಗಳು ಉದ್ದವಾಗುತ್ತವೆ. ಇಂಥ ಕವಾಟ ಹರಿಯಲು ಲಾರಿ ಗುದ್ದಬೇಕಿಲ್ಲ. ಬೇರೆಯವರು ಧೂಳು ಕೊಡವಿಕೊಂಡು ಎದ್ದುಹೋಗುವಂಥ ಪೆಟ್ಟೇ ಸಾಕಾಗಬಹುದು. ಸುಮಾರು 5,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇರುತ್ತದೆ ಎಂಬ ಅಂದಾಜಿದೆ. ಆ ಲೆಕ್ಕದಲ್ಲಿ ನಮ್ಮ ಒಂದೊಂದು ತಾಲ್ಲೂಕಿನಲ್ಲೂ ಹಲವರಿರಬೇಕು, ಆದರೆ ಹೆಸರಿಟ್ಟು ಗುರುತಿಸಲ್ಪಟ್ಟವರು ಬೆರಳೆಣಿಕೆಯಷ್ಟು. ಇದೇ ಗುಂಪಿನ ಲೋಯಿಸ್–ಡೀಟ್ಜ್ ಸಿಂಡ್ರೋಮ್ 2005ರಲ್ಲಷ್ಟೇ ಪ್ರತ್ಯೇಕವಾಗಿ ಗುರುತಿಸಲ್ಪಟ್ಟಿತು. ಏಲರ್ಸ್–ಡ್ಯಾನ್ಲಾಸ್ ಸಿಂಡ್ರೋಮಿನ ರಕ್ತನಾಳದ ಬಗೆಯಲ್ಲಿ ಮೂರನೇ ಮಾದರಿಯ ಕೊಲಾಜನ್ ದೋಷದಿಂದ ನಾಳಗಳೇ ಹರಿಯುತ್ತವೆ. ಅವುಗಳ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದಿಲ್ಲ.

ದೀಪಾವಳಿ ಮುಗಿದರೆ ನಮ್ಮ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿಸಿಕೊಂಡ ಹೋರಿಗಳು ಅಖಾಡದಲ್ಲಿ ಜನರ ನಡುವೆಯೇ ಓಡುತ್ತವೆ, ಹುಡುಗರು ಅಡ್ಡ ಹಾರಿ ಕೊಬ್ಬರಿ ಹರಿಯಲು ನೋಡುತ್ತಾರೆ. ನಾನು ಹೇಳುತ್ತಿರುವ ಹುಡುಗ ಅಂಥ ಒಂದು ಅಖಾಡದಲ್ಲಿ ಬದಿಗೆ ಸರಿಯುವಷ್ಟರಲ್ಲಿ ಹೋರಿಯ ಹೆಗಲು ಅವನ ಎದೆಯ ನಡುಭಾಗಕ್ಕೆ ಬಡಿಯಿತು. ಕೋಡು ತಾಗಲಿಲ್ಲ. ಕ್ಷಣ ಹೊತ್ತು ಉಸಿರು ಕಟ್ಟಿದಂತಾಗಿ ಕುಳಿತ, ನೀರು ಕುಡಿದ, ಎದ್ದು ನಡೆದ. ಹತ್ತಿರದ ಪಟ್ಟಣದ ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದು, ಏನೂ ಆಗಿಲ್ಲ ಎಂದು ಗುಳಿಗೆ ಕೊಟ್ಟು ಕಳಿಸಿದರು. ಅಲ್ಲಿ ಯಾರೂ ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಲಿಲ್ಲ ಎಂದು ಅವನು ಆಮೇಲೆ ಹೇಳಿದ. ಮುಂದಿನ ವಾರ ಅವನ ತಾಯಿ ನನಗೆ ಫೋನ್ ಮಾಡಿದರು. "ಸರ, ಇವಗ ರಾತ್ರಿ ಅಡ್ಡ ಆಗಾಕ ಬರವಲ್ದುರಿ. ಗ್ವಾಡಿಗೆ ಆತ್ಕೊಂಡು ಕುಂತ ನಿದ್ದಿ ಮಾಡ್ತಾನ್ರಿ. ಕೆಮ್ಮಿಗೆ ಔಷಧ ಕೊಟ್ರೂ ಕಡಿಮಿ ಆಗವಲ್ದು" ಎಂದರು. ಮಲಗಿದರೆ ಉಸಿರು ಸಿಗದು, ಕುಳಿತರೆ ಸಿಗುತ್ತದೆ ಎಂಬ ಲಕ್ಷಣಕ್ಕೂ ನೆಗಡಿ ಕೆಮ್ಮಿಗೂ ಸಂಬಂಧವಿಲ್ಲ. ಶ್ವಾಸಕೋಶದಲ್ಲಿ ನೀರು ನಿಲ್ಲುತ್ತಿದೆ, ಹೃದಯ ಹಿಂದೆ ಬೀಳುತ್ತಿದೆ ಎಂಬುದರ ಗುರುತು ಅದು. ಅಂದೇ ಅವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು.

ಹುಬ್ಬಳ್ಳಿಯ ವೈದ್ಯರು ಮಾಡಿದ ಮೊದಲ ಕೆಲಸ ಅವನನ್ನು ಮುಂದಕ್ಕೆ ಬಾಗಿ ಕೂರಿಸಿ, ಉಸಿರು ಪೂರ್ತಿ ಹೊರಬಿಟ್ಟು ತಡೆಹಿಡಿಯಲು ಹೇಳಿ, ಎದೆಯ ಎಲುಬಿನ ಎಡ ಅಂಚಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದ್ದು. ಅಯೋರ್ಟಿಕ್ ಕವಾಟ ಸೋರಿದಾಗ ಬರುವ ಉಸಿರಿನಂಥ ಮೆಲುಸದ್ದು ಆ ಭಂಗಿಯಲ್ಲೇ ಚೆನ್ನಾಗಿ ಕೇಳಿಸುತ್ತದಂತೆ. ಆಮೇಲೆ ಎಕೋ, ಅಂದರೆ ಶಬ್ದದ ಅಲೆಗಳಿಂದ ಹೃದಯದ ಚಲನೆಯನ್ನು ತೋರಿಸುವ ಪರೀಕ್ಷೆ. ಪರದೆಯ ಮೇಲೆ ನಾನೂ ನೋಡಿದೆ: ಮೂರು ದಳಗಳಲ್ಲಿ ಒಂದು ಪ್ರತಿ ಬಡಿತಕ್ಕೂ ಹೃತ್ಕುಕ್ಷಿಯೊಳಕ್ಕೆ ಮಗುಚಿ ಬೀಳುತ್ತಿತ್ತು, ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿದೊಡನೆ ಹೊರಗೆ ಹೋಗಬೇಕಾದ ರಕ್ತ ಕಲಸಿದ ಬಣ್ಣಗಳ ಧಾರೆಯಾಗಿ ಒಳಕ್ಕೇ ನುಗ್ಗುತ್ತಿತ್ತು. ಮಹಾಪಧಮನಿಯ ಬುಡ 4.7 ಸೆಂಟಿಮೀಟರ್ ಅಗಲವಿತ್ತು. ಸಾಮಾನ್ಯವಾಗಿ ಅದು 4ರ ಒಳಗಿರಬೇಕು. ಅಷ್ಟು ಹಿಗ್ಗುವಿಕೆ ವಾರದಲ್ಲಿ ಆಗುವಂಥದ್ದಲ್ಲ, ಅದು ಹಳೆಯದು; ದಳ ಕಿತ್ತದ್ದು ಮಾತ್ರ ಹೊಸದು ಎಂದು ವೈದ್ಯರು ಬಿಡಿಸಿ ಹೇಳಿದರು. ಆಗ ಅವರು ಅವನ ದಪ್ಪ ಗಾಜಿನ ಕನ್ನಡಕವನ್ನು ನೋಡಿ, ಮನೆಯಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದು ಕೇಳಿದರು. ಅವನ ತಂದೆ ಮೂವತ್ತೆಂಟರಲ್ಲಿ ಹೊಲದಲ್ಲಿ ಎದೆ ಹಿಡಿದುಕೊಂಡು ಬಿದ್ದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು.

ಅವರು ಕನ್ನಡಕವನ್ನು ಗಮನಿಸಿದ್ದು ಸುಮ್ಮನೆ ಅಲ್ಲ, ಮಾರ್ಫಾನ್ ಇರಬಹುದೆಂಬ ಅನುಮಾನದಿಂದ. ಕಣ್ಣಿನ ಮಸೂರವನ್ನು ಅದರ ಜಾಗದಲ್ಲಿ ತೂಗುಹಾಕಿರುವ ಎಳೆಗಳು ಆಗಿರುವುದೇ ಫೈಬ್ರಿಲಿನ್ನಿನಿಂದ. ಮಾರ್ಫಾನ್ ಇರುವ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮಸೂರ ಜರುಗಿರುತ್ತದೆ, ಸಾಮಾನ್ಯವಾಗಿ ಮೇಲಕ್ಕೆ. 2010ರಲ್ಲಿ ಪರಿಷ್ಕರಿಸಿದ ರೋಗನಿರ್ಣಯದ ಮಾನದಂಡದಲ್ಲಿ ಮಹಾಪಧಮನಿಯ ಬುಡದ ಹಿಗ್ಗುವಿಕೆ ಮತ್ತು ಮಸೂರದ ಜರುಗುವಿಕೆಗೆ ಉಳಿದೆಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟಿದ್ದಾರೆ. ಆದ್ದರಿಂದ ಶಾಲೆಯ ನೇತ್ರ ತಪಾಸಣೆಯಲ್ಲಿ ಮಸೂರ ಜರುಗಿದ ಮಗು ಸಿಕ್ಕರೆ ಕನ್ನಡಕ ಕೊಟ್ಟು ಸುಮ್ಮನಾಗದೆ ಒಂದು ಎಕೋ ಮಾಡಿಸಲು ಬರೆದುಕೊಡಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ.

ಮೊದಲ ದಿನವೇ ಇದು ಏಕೆ ಗೊತ್ತಾಗಲಿಲ್ಲ ಎಂದು ಅವನ ತಾಯಿ ಪದೇ ಪದೇ ಕೇಳಿದರು. ಅದಕ್ಕೆ ವೈದ್ಯರು ಕೊಟ್ಟ ಉತ್ತರ ಎಲ್ಲರಿಗೂ ತಿಳಿದಿರಬೇಕಾದದ್ದು. ವರ್ಷಗಳಿಂದ ನಿಧಾನವಾಗಿ ಸೋರುವ ಅಯೋರ್ಟಿಕ್ ಕವಾಟದಲ್ಲಿ ಹೃತ್ಕುಕ್ಷಿ ಹಿಗ್ಗಿ ಹೊಂದಿಕೊಳ್ಳುತ್ತದೆ, ಸದ್ದು ಉದ್ದವಾಗಿ ಸ್ಪಷ್ಟವಾಗಿರುತ್ತದೆ, ಬಿಪಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವೆ ದೊಡ್ಡ ಅಂತರ ಕಾಣಿಸುತ್ತದೆ. ಒಮ್ಮೆಲೇ ಹರಿದಾಗ ಹೊಂದಿಕೊಳ್ಳಲು ಹೃದಯಕ್ಕೆ ಸಮಯವೇ ಇರುವುದಿಲ್ಲ; ಸದ್ದು ಮೃದುವಾಗಿ, ಗಿಡ್ಡವಾಗಿ ಇರುತ್ತದೆ, ಬಿಪಿಯ ಅಂತರವೂ ಹೆಚ್ಚಿರುವುದಿಲ್ಲ, ನಾಡಿ ಮಾತ್ರ ಓಡುತ್ತಿರುತ್ತದೆ. ಗದ್ದಲದ ವಾರ್ಡಿನಲ್ಲಿ ಅದನ್ನು ಕೇಳುವುದು ಕಷ್ಟ. ಕೆಲವೊಮ್ಮೆ ದಳದಲ್ಲಿ ಮೊದಲ ದಿನ ಚಿಕ್ಕ ಸೀಳು ಮಾತ್ರ ಇದ್ದು, ಪ್ರತಿ ಬಡಿತಕ್ಕೂ ಅದು ಬೆಳೆಯುತ್ತ ಹೋಗಿ ದಿನಗಳ ಅಥವಾ ವಾರಗಳ ನಂತರ ಪೂರ್ತಿ ಹರಿಯುತ್ತದೆ. ಒಂದು ಸಲದ ಪರೀಕ್ಷೆ ಸಾಲದು, ಮತ್ತೆ ಕೇಳಬೇಕು, ಮತ್ತೆ ನೋಡಬೇಕು ಎನ್ನುವುದು ಇದೇ ಕಾರಣಕ್ಕೆ. ನಮ್ಮ ಭಾಗದಲ್ಲಿ ಇನ್ನೊಂದು ತೊಡಕೂ ಇದೆ. ಕವಾಟದ ಕಾಯಿಲೆ ಎಂದರೆ ಬಾಲ್ಯದ ಸಂಧಿವಾತ ಜ್ವರದಿಂದ ಬಂದದ್ದು ಎಂಬುದು ಇಲ್ಲಿ ರೂಢಿಯ ತಿಳಿವಳಿಕೆ, ಏಕೆಂದರೆ ಆ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ತೆಗೆದುಕೊಳ್ಳುವ ಮಕ್ಕಳನ್ನು ನಾವು ಹಳ್ಳಿ ಹಳ್ಳಿಯಲ್ಲೂ ಕಂಡಿದ್ದೇವೆ. ಹಾಗಾಗಿ ಸದ್ದು ಕೇಳಿಸಿದರೂ ಅದನ್ನು ಹಳೆಯ ಲೆಕ್ಕಕ್ಕೆ ಸೇರಿಸಿಬಿಡುವ ಅಪಾಯವಿರುತ್ತದೆ.

ಸಿಟಿ ಆಂಜಿಯೋಗ್ರಾಂ ಮಾಡಿ ಮಹಾಪಧಮನಿಯ ಗೋಡೆ ಸೀಳಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ಬರೀ ಕವಾಟವನ್ನು ಬದಲಾಯಿಸಿ ಹಿಗ್ಗಿದ ಬುಡವನ್ನು ಹಾಗೆಯೇ ಬಿಟ್ಟರೆ ಮುಂದೊಂದು ದಿನ ಅದೇ ಸೀಳುತ್ತದೆ. ಮಾರ್ಫಾನ್ ಇರುವವರಲ್ಲಿ ಬುಡ 5 ಸೆಂಟಿಮೀಟರ್ ತಲುಪಿದರೆ, ಕುಟುಂಬದಲ್ಲಿ ಮಹಾಪಧಮನಿ ಸೀಳಿ ತೀರಿಕೊಂಡವರಿದ್ದರೆ ಇನ್ನೂ ಮುಂಚೆಯೇ, ಅದನ್ನು ಬದಲಾಯಿಸುವುದು ವಾಡಿಕೆ. ಆದ್ದರಿಂದ ಅವನಿಗೆ ಮಾಡಿದ್ದು ಬೆಂಟಾಲ್ ಶಸ್ತ್ರಚಿಕಿತ್ಸೆ: ಡೆಕ್ರಾನ್ ಬಟ್ಟೆಯ ಕೊಳವೆಯ ಬಾಯಿಗೆ ಯಾಂತ್ರಿಕ ಕವಾಟವನ್ನು ಕೂರಿಸಿ, ಬುಡ ಮತ್ತು ಕವಾಟ ಎರಡನ್ನೂ ಒಟ್ಟಿಗೇ ಬದಲಾಯಿಸಿ, ಹೃದಯಕ್ಕೇ ರಕ್ತ ಕೊಡುವ ಎರಡು ಕೊರೊನರಿ ನಾಳಗಳನ್ನು ಆ ಕೊಳವೆಗೆ ಮತ್ತೆ ಹೊಲಿಯುತ್ತಾರೆ. 1968ರಲ್ಲಿ ಇದನ್ನು ವರ್ಣಿಸಿದ ಬ್ರಿಟನ್ನಿನ ಶಸ್ತ್ರವೈದ್ಯರ ಹೆಸರೇ ಇದಕ್ಕಿದೆ. ದಳಗಳು ಚೆನ್ನಾಗಿದ್ದರೆ ಅವನ್ನು ಉಳಿಸಿಕೊಂಡು ಬುಡವನ್ನಷ್ಟೇ ಬದಲಿಸುವ ಡೇವಿಡ್ ವಿಧಾನವೂ ಇದೆ. ಹರಿದ ದಳ ಹೊಲಿಗೆ ನಿಲ್ಲದಷ್ಟು ತೆಳುವಾಗಿದ್ದರಿಂದ ಅವನಿಗೆ ಅದು ಆಗಲಿಲ್ಲ.

ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವನು ಜೀವನಪೂರ್ತಿ ಗುಳಿಗೆ ನುಂಗಬೇಕು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಅಂಕಿಯನ್ನು ವೈದ್ಯರು ಹೇಳಿದ ಮಿತಿಯಲ್ಲಿ, ಅವನ ಮಟ್ಟಿಗೆ 2 ಮತ್ತು 3ರ ನಡುವೆ, ಇಟ್ಟುಕೊಳ್ಳಬೇಕು. ಸೊಪ್ಪು ತಿನ್ನಲೇಬಾರದು ಎಂದು ಯಾರೋ ಹೇಳಿದ್ದನ್ನು ನಂಬಿ ಮನೆಯವರು ಮೆಂತ್ಯ, ಪುಂಡಿಪಲ್ಯ, ರಾಜಗಿರಿ ಎಲ್ಲವನ್ನೂ ನಿಲ್ಲಿಸಿದ್ದರು. ನಿಜವಾದ ನಿಯಮ ಬೇರೆ: ಸೊಪ್ಪಿನಲ್ಲಿರುವ ಕೆ ಜೀವಸತ್ವ ಗುಳಿಗೆಯ ಪರಿಣಾಮವನ್ನು ತಗ್ಗಿಸುವುದರಿಂದ, ತಿನ್ನುವ ಪ್ರಮಾಣ ವಾರದಿಂದ ವಾರಕ್ಕೆ ಒಂದೇ ಸಮನಾಗಿರಬೇಕು ಅಷ್ಟೇ. ರೊಟ್ಟಿಯ ಜೊತೆ ದಿನಾ ಒಂದಿಷ್ಟು ಪಲ್ಯ ತಿನ್ನುವವನು ಹಾಗೆಯೇ ತಿನ್ನಲಿ. ಒಂದು ತಿಂಗಳು ಬಿಟ್ಟು, ಸುಗ್ಗಿಯಲ್ಲಿ ಒಮ್ಮೆಲೇ ಕಟ್ಟುಗಟ್ಟಲೆ ತಿನ್ನಬಾರದು. ಹಲ್ಲು ಕೀಳಿಸುವ ಮೊದಲು ಕೃತಕ ಕವಾಟವಿದೆ ಎಂದು ದಂತವೈದ್ಯರಿಗೆ ಹೇಳಿ, ಸೋಂಕು ತಡೆಯುವ ಆಂಟಿಬಯೋಟಿಕ್ ಪಡೆಯಲೇಬೇಕು.

ದೈಹಿಕ ಶಿಕ್ಷಕರಿಗಾಗಿ ಮುಂದಿನ ಮಾತನ್ನು ವಿಶೇಷವಾಗಿ ಬರೆಯುತ್ತಿದ್ದೇನೆ. ಮೈದಾನದಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಎತ್ತರದ, ಉದ್ದ ತೋಳಿನ, ಚುರುಕು ಮೈಯ ಮಕ್ಕಳ ಮೇಲೆ. ಕಬಡ್ಡಿಯಲ್ಲಿ ಕೈಚಾಚಿ ಮುಟ್ಟಿ ಬರಲು, ವಾಲಿಬಾಲಿನಲ್ಲಿ ಬಲೆಯ ಮೇಲೆ ನಿಲ್ಲಲು ಅದೇ ಬೇಕು. ಮಾರ್ಫಾನ್ ಇರುವ ಮಗುವಿನ ಮೈಕಟ್ಟೂ ಬಹಳ ಸಲ ಅದೇ ಆಗಿರುತ್ತದೆ. ಅಮೆರಿಕದ ವಾಲಿಬಾಲ್ ತಂಡದ ಫ್ಲೋ ಹೈಮನ್ 6 ಅಡಿ 5 ಇಂಚು ಎತ್ತರದ ಆಟಗಾರ್ತಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಆಧಾರ. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬದಲಿ ಆಟಗಾರ್ತಿ ಒಳಗೆ ಹೋದಾಗ ಬೆಂಚಿನ ಮೇಲೆ ಕುಳಿತವರು ಅಲ್ಲಿಯೇ ಕುಸಿದು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಮಹಾಪಧಮನಿ ಹರಿದಿತ್ತು, ಮಾರ್ಫಾನ್ ಇದ್ದದ್ದು ಮರಣೋತ್ತರ ಪರೀಕ್ಷೆಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಯಾರ ಪೆಟ್ಟೂ ಬಿದ್ದಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಈಗ ನಾನು ತಂಡದ ಆಯ್ಕೆಗೆ ಬರುವ ಪ್ರತಿ ಮಗುವಿನ ಎತ್ತರದ ಜೊತೆಗೆ ಎರಡೂ ತೋಳು ಚಾಚಿಸಿ, ಗೋಡೆಗೆ ಆನಿಸಿ, ಒಂದು ತುದಿಬೆರಳಿನಿಂದ ಇನ್ನೊಂದು ತುದಿಬೆರಳಿನವರೆಗೆ ಟೇಪಿನಲ್ಲಿ ಅಳೆಯುತ್ತೇನೆ. ತೋಳಿನ ಹರವನ್ನು ಎತ್ತರದಿಂದ ಭಾಗಿಸಿದಾಗ 1.05 ದಾಟಿದರೆ ಗಮನ ಕೊಡಬೇಕು. ಆಮೇಲೆ ಹೆಬ್ಬೆರಳನ್ನು ಅಂಗೈಗೆ ಅಡ್ಡ ಮಡಚಿ ಮುಷ್ಟಿ ಕಟ್ಟಲು ಹೇಳುತ್ತೇನೆ. ಹೆಬ್ಬೆರಳಿನ ಉಗುರು ಕಿರುಬೆರಳಿನ ಕಡೆಯಿಂದ ಪೂರ್ತಿ ಹೊರಗೆ ಇಣುಕಿದರೆ ಅದೊಂದು ಗುರುತು. ಒಂದು ಕೈಯ ಹೆಬ್ಬೆರಳು ಮತ್ತು ಕಿರುಬೆರಳಿನಿಂದ ಇನ್ನೊಂದು ಕೈಯ ಮಣಿಕಟ್ಟನ್ನು ಸುತ್ತಿ ಹಿಡಿದಾಗ ಹೆಬ್ಬೆರಳು ಕಿರುಬೆರಳಿನ ಉಗುರನ್ನು ಪೂರ್ತಿ ಮುಚ್ಚುವುದು ಇನ್ನೊಂದು. ಒಳಕ್ಕೆ ಕುಸಿದ ಅಥವಾ ಮುಂದಕ್ಕೆ ಉಬ್ಬಿದ ಎದೆ, ಓರೆಯಾದ ಬೆನ್ನು, ಚಪ್ಪಟೆ ಪಾದ, ಇಕ್ಕಟ್ಟಾದ ಹಲ್ಲು, ಇವೂ ಸೇರಿಕೊಂಡರೆ ಪಾಲಕರನ್ನು ಕರೆಸಿ ಎಕೋ ಮಾಡಿಸಲು ಹೇಳುತ್ತೇನೆ. ಇಷ್ಟಕ್ಕೇ ಕಾಯಿಲೆ ಇದೆ ಎಂದು ತೀರ್ಮಾನಿಸಬಾರದು. ಆರೋಗ್ಯವಂತರಲ್ಲೂ ಇವುಗಳಲ್ಲಿ ಒಂದೆರಡು ಇರುತ್ತವೆ.

ಕಾಯಿಲೆ ಖಚಿತವಾದ ಮಗುವಿಗೆ ಕಬಡ್ಡಿ, ಗರಡಿಯ ಕುಸ್ತಿ, ಭಾರ ಎತ್ತುವುದು, ಹೋರಿ ಹಬ್ಬದ ಅಖಾಡ, ಇವು ಬೇಡ. ಎದೆಗೆ ಪೆಟ್ಟು ಬೀಳುವ ಆಟ ಮಾತ್ರವಲ್ಲ, ಉಸಿರು ಬಿಗಿಹಿಡಿದು ಜೋರು ಹಾಕುವ ವ್ಯಾಯಾಮವೂ ರಕ್ತದೊತ್ತಡವನ್ನು ಒಮ್ಮೆಲೇ ಏರಿಸುತ್ತದೆ. ಆದರೆ ಆ ಮಗುವನ್ನು ಮೈದಾನದ ಹೊರಗೆ ಕೂರಿಸಿಬಿಡುವುದನ್ನು ನಾನು ಒಪ್ಪುವುದಿಲ್ಲ. ವೈದ್ಯರನ್ನು ಕೇಳಿ ನಡಿಗೆ, ಹದವಾದ ಸೈಕಲ್ ಸವಾರಿ, ಸ್ಪರ್ಧೆಯಿಲ್ಲದ ಹಗುರ ಆಟ, ಪಂದ್ಯದ ನಿರ್ಣಾಯಕನ ಕೆಲಸ, ಇವನ್ನೆಲ್ಲ ಅವನಿಗೆ ಕೊಡಬಹುದು, ಕೊಡಬೇಕು.

ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರಿಂದ ಹೀಗಾಯಿತು ಎಂದು ಊರಿನ ಕೆಲವರು ಅವನ ತಾಯಿಯನ್ನು ಚುಚ್ಚಿದರು. ಅದು ತಪ್ಪು. ಈ ಕಾಯಿಲೆ ಬರಲು ತಂದೆ ಅಥವಾ ತಾಯಿ, ಯಾರಾದರೊಬ್ಬರಲ್ಲಿ ದೋಷವಿದ್ದರೆ ಸಾಕು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಸುಮಾರು ನಾಲ್ವರಲ್ಲಿ ಒಬ್ಬರಿಗಂತೂ ತಂದೆತಾಯಿಯಲ್ಲಿ ಇಲ್ಲದೆಯೂ ಹೊಸದಾಗಿ ಬರುತ್ತದೆ. ಅವನ ತಂಗಿಯನ್ನು ಪರೀಕ್ಷಿಸಿದಾಗ ಅವಳಲ್ಲೂ ಕಂಡುಬಂದಿತು. ಅವಳಿಗೆ ಮಹಾಪಧಮನಿಯ ಹಿಗ್ಗುವಿಕೆಯನ್ನು ನಿಧಾನಗೊಳಿಸುವ ಗುಳಿಗೆ ಶುರುವಾಗಿದೆ, ವರ್ಷಕ್ಕೊಮ್ಮೆ ಎಕೋ ಇದೆ. ಮದುವೆಯ ಮಾತು ಬಂದಾಗ ಇದನ್ನು ಮುಚ್ಚಿಡಬಾರದು. ಗರ್ಭಿಣಿಯಾಗುವ ಮೊದಲೇ ಹೃದಯ ತಜ್ಞರನ್ನು ಕಾಣಬೇಕು, ಏಕೆಂದರೆ ಹಿಗ್ಗಿದ ಮಹಾಪಧಮನಿಗೆ ಗರ್ಭಾವಸ್ಥೆ ಮತ್ತು ಹೆರಿಗೆ ದೊಡ್ಡ ಹೊರೆ.

ಹುಬ್ಬಳ್ಳಿ ಧಾರವಾಡ ಹಾವೇರಿಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅಪಘಾತವಾಗಿ ಇಂಥ ಗಾಯ ಆದವರಿಗೆ ಪರಿಹಾರದ ಪ್ರಶ್ನೆಯೂ ಎದುರಾಗುತ್ತದೆ. "ಕವಾಟ ಮೊದಲೇ ಕೆಟ್ಟಿತ್ತು, ಪೆಟ್ಟಿನಿಂದ ಆದದ್ದಲ್ಲ" ಎಂಬ ವಾದ ಬಂದೇ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಅರ್ಧ ಮಾತು. ದುರ್ಬಲವಾಗಿದ್ದರೂ ಆ ಕವಾಟ ಅಪಘಾತದ ಹಿಂದಿನ ದಿನದವರೆಗೆ ಸೋರದೆ ಕೆಲಸ ಮಾಡುತ್ತಿತ್ತು, ಮನುಷ್ಯ ನೆಮ್ಮದಿಯಾಗಿ ಮಲಗಿ ನಿದ್ದೆ ಮಾಡುತ್ತಿದ್ದ. ಅದನ್ನು ತೋರಿಸಲು ಹಳೆಯ ಎಕೋ ವರದಿಯೊಂದಿದ್ದರೆ ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರಿಲ್ಲ. ಅದಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲಿ ದಳ ಯಾವ ಜಾಗದಲ್ಲಿ, ಹೇಗೆ ಹರಿದಿತ್ತು ಎಂಬ ವಿವರ ಮತ್ತು ತೆಗೆದ ದಳದ ಪ್ರಯೋಗಾಲಯದ ವರದಿ, ಇವೆರಡನ್ನೂ ಕೇಳಿ ಪಡೆದಿಟ್ಟುಕೊಳ್ಳಬೇಕು.

ಕೊನೆಯದಾಗಿ, ಕಾಯಿಲೆ ಇರುವವರು ಆಧಾರ್ ಕಾರ್ಡಿನ ಜೊತೆಯಲ್ಲೇ ಒಂದು ಚೀಟಿ ಇಟ್ಟುಕೊಳ್ಳಲಿ. ಅದರಲ್ಲಿ ಕಾಯಿಲೆಯ ಹೆಸರು, ಕೊನೆಯ ಎಕೋದ ದಿನಾಂಕ, ಮಹಾಪಧಮನಿಯ ಅಳತೆ, ನುಂಗುವ ಗುಳಿಗೆಗಳು, ರಕ್ತ ತೆಳುವಾಗಿಸುವ ಔಷಧವಿದ್ದರೆ ಅದನ್ನು ಕೆಂಪಕ್ಷರದಲ್ಲಿ, ಮನೆಯವರ ಫೋನ್ ಸಂಖ್ಯೆ, ಇಷ್ಟು ಬರೆದಿರಲಿ. ಎದೆಗೆ ಪೆಟ್ಟು ಬಿದ್ದು ಆಸ್ಪತ್ರೆಗೆ ಹೋದಾಗ ಜೊತೆಗಿದ್ದವರು ಸಂಕೋಚಪಡದೆ ಮೂರು ಮಾತು ಕೇಳಲಿ: ಎದೆಯ ಸದ್ದು ಕೇಳಿ ನೋಡಿದಿರಾ, ಇಸಿಜಿ ಮತ್ತು ಎಕೋ ಇಂದೇ ಆಗಬಹುದೇ, ಮತ್ತೆ ಯಾವಾಗ ಬಂದು ತೋರಿಸಬೇಕು. ಮನೆಗೆ ಕಳಿಸಿದ ಮೇಲೂ ಮಲಗಿದಾಗ ಉಸಿರು ಸಾಲದಿರುವುದು, ಒಣಕೆಮ್ಮು, ನಾಡಿಯ ಓಟ, ಎದೆಯಿಂದ ಬೆನ್ನಿಗೆ ಸೀಳಿದಂಥ ನೋವು, ಇವುಗಳಲ್ಲಿ ಯಾವುದು ಕಾಣಿಸಿದರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆಮಾಡಿ, ಎಕೋ ಇರುವ ಆಸ್ಪತ್ರೆಗೇ ಕರೆದೊಯ್ಯಲು ಕೇಳಿಕೊಳ್ಳಬೇಕು.